ಒಲೆ ಮುನಿಸು

ನಮ್ಮಕ್ಕನಿಗೆ ದಣಿವೆಂಬುದೇ ಗೊತ್ತಿಲ್ಲ ಎಂದು ಹಾಸ್ಟೆಲ್ ಮ್ಯಾನೇಜರು ಮೈಕು ಹಿಡಿದು ಹೇಳಿದಾಗ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹೆಂಡತಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಿರದಿದ್ದರೆ ಅಲ್ಲೇ ಎದ್ದು ಉತ್ತರ ಕೊಡುತ್ತಿದ್ದೆ. ಅಂದು ನುಂಗಿಕೊಂಡದ್ದು ಇನ್ನೂ ಗಂಟಲಲ್ಲೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ಆ ಹುಡುಗಿಯರ ಹಾಸ್ಟೆಲ್ಲಿನ ಅಡುಗೆಯವಳು. ಭಾವ ತೀರಿಕೊಂಡ ಮೇಲೆ ಮನೆಗೆ ವಾಪಸು ಬಂದವಳು ಆ ಕೆಲಸ ಹಿಡಿದಳು. ನನಗಾಗ ಮೀಸೆಯೇ ಮೂಡಿರಲಿಲ್ಲ, ಈಗ ಮೀಸೆ ನರೆತಿದೆ. ಅಷ್ಟೂ ಕಾಲ ಅವಳು ನಿಂತದ್ದು ಒಂದೇ ಕಡೆ, ದೊಡ್ಡ ಬರ್ನರುಗಳ ಮುಂದೆ. ಆವಿ ಬಡಿದು ಬಡಿದು ಅವಳ ಬಲಗೈ ಮೇಲೆ ಒಂದು ಕೂದಲೂ ಉಳಿದಿಲ್ಲ. ಹೊಗೆ ಎಳೆಯುವ ಫ್ಯಾನು ಕೆಟ್ಟಾಗೆಲ್ಲ ಮ್ಯಾನೇಜರು ನಾಳೆ ಮಾಡಿಸೋಣ ಎನ್ನುತ್ತಿದ್ದರು. ಆ ನಾಳೆ ಬರಲೇ ಇಲ್ಲ. ಕಡೆಗೆ ನನ್ನ ವೆಲ್ಡಿಂಗ್ ಅಂಗಡಿಗೆ ಬೀಗ ಹಾಕಿ ಹೋಗಿ, ನಾನೇ ಏಣಿ ಹತ್ತಿ ಸರಿಮಾಡಿದೆ. ಉಪಕಾರಕ್ಕೆಂದು ನನಗೆ ಒಂದು ಲೋಟ ಚಹಾ ಹೇಳಿದರು. ಅದನ್ನು ಕಾಸಿದವಳೂ ಅಕ್ಕನೇ.

ದಣಿವಿಲ್ಲವಂತೆ. ವಾರಕ್ಕೊಂದು ಸಂಜೆ ಅವಳಿಗೆ ಬಿಡುವು. ಅಂಥದೊಂದು ಸಂಜೆ, ನಾನಿನ್ನೂ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಹಸಿದು ಮನೆಗೆ ಬಂದೆ. ಅಕ್ಕ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ಎರಡೂ ಪಾದಗಳನ್ನು ತಣ್ಣೀರಿನ ಬಕೆಟ್ಟಿಗೆ ಇಳಿಬಿಟ್ಟಿದ್ದಳು. ಊಟ ಎಲ್ಲಿ ಎಂದು ಕೇಳಿದೆ.

"ಒಲೆ ಮುನಿಸ್ಕೊಂಡಿದೆ ಕಣೋ," ಅಂದಳು. "ಮಾತಾಡಿಸ್ಬೇಡ, ಇನ್ನೂ ಸಿಟ್ಟಾಗತ್ತೆ."

ಮುನಿಸು ಯಾರದೆಂದು ತಿಳಿಯದಷ್ಟು ದಡ್ಡನಲ್ಲ ನಾನು. ಮನೆಯಲ್ಲಿ ಇದ್ದಬದ್ದದ್ದನ್ನೆಲ್ಲ ತಂದು ಮೇಜಿನ ಮೇಲೆ ಹರಡಿದೆ. ಬ್ರೆಡ್ಡು, ಬೆಳಿಗ್ಗೆ ಬೇಯಿಸಿಟ್ಟಿದ್ದ ಮೊಟ್ಟೆ, ಸೌತೆಕಾಯಿ, ಮೊಸರು, ಹುರಿದ ಕಡಲೆಬೀಜ, ಸಿಪ್ಪೆಗೆ ಕಪ್ಪು ಚುಕ್ಕಿ ಬಂದ ಬಾಳೆಹಣ್ಣು. ಒಂದಕ್ಕೊಂದು ಸಂಬಂಧವಿಲ್ಲ, ಯಾವುದೂ ಬಿಸಿಯಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಆ ಊಟಕ್ಕೆ ಒಲೆ ಮುನಿಸು ಎಂದೇ ಹೆಸರು. ಅದಕ್ಕೆ ಕಟ್ಟಳೆಯೂ ಉಂಟು. ಆ ಸಂಜೆ ಬೆಂಕಿಕಡ್ಡಿ ಗೀರುವಂತಿಲ್ಲ. ಯಾರೂ ಯಾರಿಗೂ ಬಡಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ದಿನವೂ ಅಡುಗೆ ಮಾಡುವವಳು ಮೊದಲು ಕೂರಬೇಕು. ಅವಳು ಕೂರುವ ತನಕ ಬೇರೆಯವರು ನಿಂತೇ ಇರಬೇಕು. ನನ್ನ ಹೆಂಡತಿ ಬಂದ ಹೊಸತರಲ್ಲಿ, "ಗ್ಯಾಸ್ ಖಾಲಿ ಆಗಿದ್ರೆ ಹೇಳ್ಬಾರ್ದೇನ್ರೀ," ಎಂದು ನನ್ನನ್ನು ಮೆಲ್ಲಗೆ ಕೇಳಿದ್ದಳು. ಆಮೇಲಾಮೇಲೆ ಆ ಸಂಜೆ ಯಾವಾಗ ಬರುತ್ತದೋ ಎಂದು ಅವಳೇ ಕಾಯತೊಡಗಿದಳು.

ಅಕ್ಕ ಕೆಲಸ ಬಿಡುವ ದಿನ ಹತ್ತಿರ ಬಂತು. ಅವಳಿಗಿದ್ದದ್ದು ಒಂದೇ ಆಸೆ, ಅದನ್ನೂ ನನಗಲ್ಲ, ನನ್ನ ಹೆಂಡತಿಗೆ ಹೇಳಿಕೊಂಡಿದ್ದಳು. ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ ಅವಳು ಒಂದು ದಿನವೂ ಕೂತವಳಲ್ಲ. ಎಲ್ಲರದೂ ಮುಗಿದು, ಪಾತ್ರೆ ತೊಳೆದಾದ ಮೇಲೆ, ಒಳಗೆ ಎಣ್ಣೆ ಡಬ್ಬ ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಉಣ್ಣುತ್ತಿದ್ದಳು. ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಒಮ್ಮೆ ಎಲ್ಲರ ಜೊತೆ ಕೂತು ಉಣ್ಣಬೇಕು ಎಂಬುದೇ ಆ ಆಸೆ. ಬೀಳ್ಕೊಡುವ ದಿನ ಹೇಗೂ ಕೂರಿಸುತ್ತಾರೆ ಎಂದು ಅವಳ ನಂಬಿಕೆ.

ಮ್ಯಾನೇಜರು ಕರೆದು ಹೇಳಿದ್ದೇನು ಗೊತ್ತೇ? ಸಮಾರಂಭಕ್ಕೆ ಆಡಳಿತದವರೂ ಬರುತ್ತಾರೆ, ಹೊರಗಿನಿಂದ ತರಿಸಿದರೆ ರುಚಿ ಇರುವುದಿಲ್ಲ, ಕೊನೆಯ ಸಲ ನಿಮ್ಮ ಕೈ ಅಡುಗೆಯೇ ಆಗಲಿ, ಎಂದು. ಕ್ಷೌರಕ್ಕೆ ಬಂದವನ ಕೈಗೇ ಕತ್ತರಿ ಕೊಟ್ಟ ಹಾಗೆ. ನಾನು ಆಗಲೇ ಚಪ್ಪಲಿ ಮೆಟ್ಟಿ ಹೊರಟೆ.

"ಎಲ್ಲಿಗೆ?" ಅಂದಳು ಅಕ್ಕ.

"ಅವರ ಹತ್ರ ಸ್ವಲ್ಪ ಮಾತಾಡಿ ಬರ್ತೀನಿ."

"ನಿನ್ನ ಸ್ವಲ್ಪ ಮಾತು ಇಡೀ ಬೀದಿಗೆ ಕೇಳತ್ತೆ. ಕೂತ್ಕೋ. ಹೂಂ ಅಂದಾಯ್ತು ನಾನು."

ಯಾಕೆ ಹೂಂ ಅಂದೆ ಎಂದು ಅವಳ ಮೇಲೂ ರೇಗಿದೆ. ಅವಳು ಸಾಮಾನಿನ ಪಟ್ಟಿ ಬರೆಯಲು ಕೂತಳು.

ಬೀಳ್ಕೊಡುಗೆಯ ಸಂಜೆ ಭಾಷಣಗಳಾದವು. ದಣಿವರಿಯದ ತಾಯಿ ಎಂದರು, ಮುಗುಳ್ನಗೆ ಮಾಸದ ಮುಖ ಎಂದರು. ಅವಳ ಮುಖ ನೋಡಲು ಇವರು ಯಾವತ್ತು ಒಳಗೆ ಬಂದಿದ್ದರೋ. ಕಡೆಗೆ ಮ್ಯಾನೇಜರು, ಬಿಸಿಬಿಸಿ ಊಟ ಕಾಯುತ್ತಿದೆ ಎಂದು ಎಲ್ಲರನ್ನೂ ಊಟದ ಹಾಲಿಗೆ ಕರೆದೊಯ್ದರು.

ಅಲ್ಲಿ ಆವಿಯಿಲ್ಲ, ಘಮವಿಲ್ಲ. ಉದ್ದನೆಯ ಮೇಜುಗಳ ತುಂಬ ಬ್ರೆಡ್ಡು, ಸೌತೆಕಾಯಿ ಹೋಳು, ಟೊಮೆಟೊ, ಹಿಂದಿನ ದಿನ ಬೇಯಿಸಿದ ಮೊಟ್ಟೆ, ಬೋಗುಣಿಗಳಲ್ಲಿ ಮೊಸರು, ಬಾಳೆಹಣ್ಣಿನ ರಾಶಿ. ಒಳಗೆ ಬರ್ನರುಗಳು ಉಜ್ಜಿಸಿಕೊಂಡು ತಣ್ಣಗೆ ಹೊಳೆಯುತ್ತಿದ್ದವು.

"ಏನಮ್ಮಾ ಇದು? ಅಡುಗೆ ಎಲ್ಲಿ?" ಎಂದರು ಮ್ಯಾನೇಜರು.

"ಇವತ್ತು ಒಲೆ ಮುನಿಸು ಸಾರ್," ಅಂದಳು ಅಕ್ಕ. "ನಮ್ಮನೇಲಿ ವಾರಕ್ಕೊಂದ್ಸಲ ಹಿಂಗೇ. ಬಡಿಸೋರಿರಲ್ಲ, ಬೇಕಾದ್ದು ನೀವೇ ಹಾಕ್ಕೊಳ್ಳಿ. ಆದ್ರೆ ಅಡುಗೆಯೋಳು ಮೊದ್ಲು ಕೂತ್ಕೋಬೇಕು."

ಹೇಳಿದವಳೇ ಫ್ಯಾನಿನ ಕೆಳಗಿನ ಕುರ್ಚಿ ಎಳೆದು ಕೂತುಬಿಟ್ಟಳು. ಚಪ್ಪಲಿಯನ್ನೂ ಬಿಟ್ಟಳು. ದನಿ ಗಟ್ಟಿಯಾಗಿತ್ತು, ಆದರೆ ಮೇಜಿನ ಕೆಳಗೆ ಅವಳ ಕೈಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದುದು ನಾನು ನಿಂತಲ್ಲಿಗೆ ಕಾಣುತ್ತಿತ್ತು. ಆಮೇಲೆ ಕನ್ನಡಕದ ಹುಡುಗಿಯೊಬ್ಬಳು ಮುಂದೆ ಬಂದು, "ಅಕ್ಕಾ, ಪಕ್ಕದಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿ ಕೂತಳು. ಅವಳ ಹಿಂದೆ ಕುರ್ಚಿಗಳು ಸರಸರ ಸದ್ದು ಮಾಡಿದವು. ಆ ಹುಡುಗಿ ಒಂದು ಮೊಟ್ಟೆ ಸುಲಿದು ಅಕ್ಕನ ತಟ್ಟೆಗೆ ಹಾಕಿದಳು. ಬಡಿಸಬಾರದೆಂಬ ಕಟ್ಟಳೆ ಅಲ್ಲಿಗೆ ಮುರಿಯಿತು. ಅಕ್ಕ ಬೇಡವೆನ್ನಲಿಲ್ಲ.

ಮ್ಯಾನೇಜರು ಆಡಳಿತದವರನ್ನು ಆಫೀಸು ರೂಮಿಗೆ ಕರೆದೊಯ್ದರು. ನೋಡನೋಡುತ್ತಲೇ ಹೋಟೆಲಿನ ಪೊಟ್ಟಣಗಳು ಒಳಗೆ ಹೋದವು. ಹೊರಗಿನದಕ್ಕೆ ರುಚಿ ಇರುವುದಿಲ್ಲವೆಂದವರು ಬೆರಳು ನೆಕ್ಕುತ್ತ ಹೊರಬಂದರು.

ಹೊರಡುವಾಗ ಬಣ್ಣದ ಕಾಗದ ಸುತ್ತಿದ ಭಾರದ ಪೆಟ್ಟಿಗೆ ಕೊಟ್ಟು, ಇನ್ನು ಮನೆಯಲ್ಲಿ ಆರಾಮವಾಗಿ ಇರಿ ಎಂದು ಹರಸಿದರು. ಮನೆಗೆ ಬಂದು ಬಿಚ್ಚಿದರೆ ಗ್ಯಾಸ್ ಒಲೆ. ಒಂದು ಜನ್ಮ ಒಲೆಯ ಮುಂದೆ ಸುಟ್ಟುಕೊಂಡವಳಿಗೆ ಇನ್ನೊಂದು ಒಲೆ. ಅದನ್ನು ಅವರ ಬಾಗಿಲಲ್ಲಿ ಎಸೆದು ಬರುತ್ತೇನೆಂದು ಎತ್ತಿಕೊಂಡೆ.

"ಇಳಿಸು," ಅಂದಳು ಅಕ್ಕ. "ಮೇಲಿನ ತಗಡು ಚೆನ್ನಾಗಿದೆ. ನಿನ್ನ ಸಾಮಾನು ತಗೊಂಡ್ ಬಾ."

ಪೈಪು ಕತ್ತರಿಸಿದೆ, ಬರ್ನರು ಬಿಚ್ಚಿದೆ, ಅಂಚನ್ನು ಉಜ್ಜಿ ನುಣುಪು ಮಾಡಿದೆ. ಈಗ ಅದು ನಮ್ಮ ಊಟದ ಮೇಜಿನ ನಡುವೆ ಇದೆ. ಬರ್ನರಿನ ತೂತುಗಳಲ್ಲಿ ಬಟ್ಟಲುಗಳು ಅಚ್ಚುಕಟ್ಟಾಗಿ ಕೂರುತ್ತವೆ, ಒಂದರಲ್ಲಿ ಮೊಸರು, ಇನ್ನೊಂದರಲ್ಲಿ ಕಡಲೆಬೀಜ. ದಣಿವಿಲ್ಲವೆಂದು ಮೈಕಿನಲ್ಲಿ ಹೇಳಿದವರು ಬೇಕಾದರೆ ಒಂದು ಸಂಜೆ ಬರಲಿ, ಊಟಕ್ಕೆ ಇಲ್ಲವೆನ್ನುವುದಿಲ್ಲ. ಆದರೆ ಅಕ್ಕ ಕೂರುವ ತನಕ ನಿಂತಿರಬೇಕು.