ಭುಜದಿಂದ ಮೇಲಿನ ಗೋಡೆ

ಆ ಬೀದಿಯಲ್ಲಿ ಬಣ್ಣ ಕಾಣದ ಮನೆ ಅಂತ ಇದ್ದದ್ದು ಒಂದೇ. ಅದು ಬಣ್ಣ ಬಳಿಯುವವನ ಮನೆ. ಜನ ಅವನನ್ನು ಗೆರೆ ಮೇಸ್ತ್ರಿ ಎನ್ನುತ್ತಿದ್ದರು. ಗೋಡೆ ಮುಗಿದು ಚಾವಣಿ ಶುರುವಾಗುವ ಕಡೆ ಟೇಪು ಗೀಪು ಅಂಟಿಸದೆ, ಉಸಿರು ಬಿಗಿಹಿಡಿದು ಅವನು ಬ್ರಷ್ ಎಳೆದರೆ ಸ್ಕೇಲಿಟ್ಟು ಎಳೆದ ಹಾಗೆ ಬರುತ್ತಿತ್ತು. ಊರಿನ ಅರ್ಧ ಗೋಡೆಗಳು ಅವನ ಕೈ ಕಂಡಿದ್ದವು. ಸ್ವಂತ ಮನೆಗೆ ಮಾತ್ರ ‘ಮುಂದಿನ ತಿಂಗಳು ನೋಡೋಣ’ ಎನ್ನುತ್ತ ವರ್ಷಗಳನ್ನೇ ತಳ್ಳಿದ್ದ. ಹೇಳಿ ಹೇಳಿ ಬಾಯಿ ನೋಯಿಸಿಕೊಂಡ ಹೆಂಡತಿ ಕಡೆಗೆ ಸುಮ್ಮನಾಗಿದ್ದಳು.

ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ, ಹಿಂದೆ ಬಟ್ಟೆ ಒಣಹಾಕುವಷ್ಟು ಜಾಗ. ಅಷ್ಟಕ್ಕೇ ಬ್ಯಾಂಕಿನ ಸಾಲ ಮಾಡಿ, ಒಂದು ಕಂತೂ ತಪ್ಪಿಸದೆ ಕಟ್ಟಿಕೊಂಡು ಬಂದಿದ್ದ. ಹೋದ ವರ್ಷ ಒಂದು ಶಾಲೆಯ ಮೆಟ್ಟಿಲ ಬಳಿ ಏಣಿ ಜಾರಿತು. ಬಲಭುಜದ ಮೂಳೆ ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು, ಆದರೆ ಕೈ ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಅಲ್ಲಿಂದ ಮೇಲಕ್ಕೆ ಅದು ಏಳದು, ಏಳುವುದೂ ಇಲ್ಲ ಎಂದರು ಡಾಕ್ಟರು. ಉದ್ದ ಕೋಲಿಗೆ ರೋಲರ್ ಕಟ್ಟಿ ನೋಡಿದ. ಕೋಲು ಎತ್ತುವುದಕ್ಕೂ ಭುಜವೇ ಬೇಕಲ್ಲ.

ಇದನ್ನು ಅವನು ಹೆಂಡತಿ, ಮಗಳ ಹೊರತು ಯಾರಿಗೂ ಹೇಳಲಿಲ್ಲ. ಕೆಲಸಕ್ಕೆ ಕರೆಯಲು ಬಂದವರಿಗೆ ‘ಕೈ ತುಂಬ ಕೆಲಸ ಇದೆ, ಬಿಡುವಿಲ್ಲ’ ಎಂದು ಕಳಿಸುತ್ತಿದ್ದ. ಒಳಗೆ ಬಂದು ಕೈ ಕಟ್ಟಿಕೊಂಡು ಕೂರುತ್ತಿದ್ದ. ಗೇಟು, ಕಿಟಕಿ ಸರಳು, ಬೆಂಚು ಅಂತ ಕುಳಿತೇ ಮಾಡುವ ಚಿಲ್ಲರೆ ಕೆಲಸಗಳಲ್ಲಿ ಒಲೆ ಉರಿಯುತ್ತಿತ್ತು, ಕಂತು ನಿಂತಿತ್ತು. ಬ್ಯಾಂಕು ಮೊದಲು ಫೋನು ಮಾಡಿತು, ಆಮೇಲೆ ಕಾಗದ ಬರೆಯಿತು, ಕಡೆಗೆ ಮನೆಯನ್ನು ಹರಾಜು ಹಾಕುತ್ತೇವೆಂದು ಬಾಗಿಲಿಗೇ ನೋಟಿಸು ಅಂಟಿಸಿಹೋಯಿತು. ಅಂಟಿಸಿದವರು ವಾಲಿಸಿ ಅಂಟಿಸಿದ್ದರು. ಮೇಸ್ತ್ರಿ ಅದನ್ನು ಬಿಚ್ಚಿ ನೆಟ್ಟಗೆ ಅಂಟಿಸಿದ. ಅಂಥ ಮನುಷ್ಯ.

ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಬ್ಯಾಂಕಿಗೆ ಹೋಗಿ ವಿಚಾರಿಸಿಕೊಂಡು ಬಂದಳು.

“ಅಪ್ಪ, ಕಂತು ಇಳಿಸಿ, ವರ್ಷ ಜಾಸ್ತಿ ಮಾಡಿ ಅಂತ ಅರ್ಜಿ ಹಾಕಬಹುದಂತೆ. ಒಪ್ಪಿದ್ರೆ ಹರಾಜು ನಿಲ್ಲುತ್ತೆ. ಮೊದಲಿನ ಹಾಗೆ ದುಡಿಯೋಕೆ ಆಗಲ್ಲ ಅಂತ ಡಾಕ್ಟರ ಹತ್ರ ಬರೆಸಿಕೊಡಬೇಕು. ಆಮೇಲೆ ಅವರ ಕಡೆಯವರು ಮನೆಗೆ ಬಂದು ನೋಡಿ, ಫೋಟೋ ತಗೊಂಡು ಹೋಗ್ತಾರೆ.”

ಅರ್ಜಿ ಹೋಯಿತು, ಡಾಕ್ಟರ ಕಾಗದವೂ ಹೋಯಿತು. ಆದರೆ ‘ಫೋಟೋ’ ಎಂಬ ಮಾತು ಮೇಸ್ತ್ರಿಯ ತಲೆಯೊಳಗೆ ಹೊಕ್ಕು ಕೂತಿತು.

“ಅರ್ಜೀಲಿ ಕಸುಬು ಪೇಂಟರ್ ಅಂತ ಇದೆ ಕಣೇ. ಪಕ್ಕದಲ್ಲಿ ಈ ಗೋಡೆ ಫೋಟೋ ಹಾಕ್ತಾರೆ. ನೋಡಿದವರು ಏನಂದ್ಕೊಳ್ಳಲ್ಲ?”

“ಬಡವರು ಅಂದ್ಕೋತಾರೆ. ಅದಕ್ಕೇ ತಾನೇ ಅರ್ಜಿ ಹಾಕಿರೋದು?” ಎಂದಳು ಹೆಂಡತಿ.

ಅವಳ ಮಾತಿನಲ್ಲಿ ಬುದ್ಧಿಯಿತ್ತು, ಅವನ ಕಿವಿಗೆ ಅದು ಬೀಳಲಿಲ್ಲ. ಹಳೆಯ ಗಿರಾಕಿಗಳ ಮನೆಯಲ್ಲಿ ಉಳಿದ ಬಣ್ಣದ ಡಬ್ಬಗಳು ಹಿತ್ತಿಲಲ್ಲಿ ಬಿದ್ದಿದ್ದವು. ಎಲ್ಲವನ್ನೂ ಒಟ್ಟಿಗೆ ಕಲೆಸಿದ. ಹೆಸರಿಲ್ಲದ ಒಂದು ತಿಳಿ ಹಸಿರು ಬಂತು. ಗೋಡೆ ಉಜ್ಜಿ, ಬಿರುಕಿಗೆ ಪುಟ್ಟಿ ತುಂಬಿ, ಭುಜದ ಮಟ್ಟದವರೆಗೆ ಅವನೇ ಬಳಿದ. ಅಲ್ಲಿಂದ ಮೇಲೆ ಹೆಂಡತಿ ಸ್ಟೂಲು ಹತ್ತಿದಳು. ಅವಳು ಜನ್ಮದಲ್ಲಿ ಬ್ರಷ್ ಹಿಡಿದವಳಲ್ಲ. ಕೆಳಗಿನಿಂದ ಅವನು ‘ಒತ್ತಬೇಡ’, ‘ಒಂದೇ ದಿಕ್ಕಿಗೆ ಎಳಿ’ ಎಂದು ಪ್ರಾಣ ತಿನ್ನುತ್ತಿದ್ದ. ಅವಳು ಬ್ರಷ್ಷನ್ನು ಅವನ ತಲೆಯ ಮೇಲೇ ಒಮ್ಮೆ ಎಳೆದುಬಿಡಲೇ ಎಂದುಕೊಂಡಳು, ಎಳೆಯಲಿಲ್ಲ.

ಬ್ಯಾಂಕಿನಿಂದ ಬಂದವನು ಕನ್ನಡಕದ, ಮೆತ್ತಗಿನ ಮಾತಿನ ಮನುಷ್ಯ. ಫೋಟೋ ತೆಗೆಯುತ್ತ ತೆಗೆಯುತ್ತ ಒಂದು ಮಾತು ಆಡಿದ.

“ಗೋಡೆ ತುಂಬ ಚೆನ್ನಾಗಿದೆ. ಯಾರು ಮಾಡಿದ್ದು?”

“ನಾನೇ,” ಎಂದ ಮೇಸ್ತ್ರಿ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. “ಪೂರ್ತಿ ನಾನೇ ಮಾಡಿದ್ದು. ಮೂರು ದಿನ ಹಿಡೀತು.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದಳು, ಅವನು ಅತ್ತ ನೋಡಲಿಲ್ಲ. ಬಂದವನು ತಲೆಯಾಡಿಸಿ ಬರೆದುಕೊಂಡ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡದ್ದು ಮೇಸ್ತ್ರಿಗೆ ಆ ಹೊತ್ತಿಗೆ ಹೊಳೆಯಲೇ ಇಲ್ಲ. ಅವತ್ತು ಸಂಜೆಯವರೆಗೂ ಹುರುಪಿನಿಂದ ಓಡಾಡಿಕೊಂಡಿದ್ದ.

ಮುಂದಿನ ವಾರ ಬ್ಯಾಂಕಿನಿಂದ ಮಗಳಿಗೆ ಫೋನು ಬಂತು. ಅರ್ಜಿದಾರರು ಇತ್ತೀಚೆಗೆ ಇಡೀ ಮನೆಗೆ ಒಬ್ಬರೇ ಬಣ್ಣ ಬಳಿದಿದ್ದಾರೆ, ದುಡಿಯುವ ಶಕ್ತಿ ಚೆನ್ನಾಗಿದೆ, ಹಾಗಾಗಿ ಕಂತು ಇಳಿಸಲು ಕಾರಣ ಕಾಣುವುದಿಲ್ಲ. ಹೇಳುವುದೇನಾದರೂ ಇದ್ದರೆ ಶುಕ್ರವಾರದೊಳಗೆ ಬಂದು ಹೇಳಿ, ಇಲ್ಲದಿದ್ದರೆ ಹರಾಜು.

ಮಗಳು ಅಳುತ್ತ ಹೇಳಿದಳು. ಹೆಂಡತಿ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಅವನಿಗೆ.

ಶುಕ್ರವಾರ ಗಂಡ ಹೆಂಡತಿ ಬ್ಯಾಂಕಿನ ಅಧಿಕಾರಿಣಿಯ ಮೇಜಿನೆದುರು ಕೂತರು. ಅವಳೇನೂ ಕಠಿಣ ಹೆಂಗಸಲ್ಲ. ಕಂಪ್ಯೂಟರನ್ನು ಇವರ ಕಡೆ ತಿರುಗಿಸಿ ಮನೆಯ ಫೋಟೋ ತೋರಿಸಿದಳು.

“ಡಾಕ್ಟರು ಕೈ ಏಳಲ್ಲ ಅಂತಾರೆ, ನೀವು ಪೂರ್ತಿ ನಾನೇ ಬಳಿದೆ ಅಂತೀರಿ. ನಾನು ಯಾರ ಮಾತು ನಂಬಲಿ ಹೇಳಿ.”

ಮೇಸ್ತ್ರಿ ತನ್ನ ಚಪ್ಪಲಿ ನೋಡುತ್ತ ಕೂತ. ಹಿಂದಿನ ಬೆಂಚಿನಲ್ಲಿ ನಾಲ್ಕಾರು ಜನ ಕಾಯುತ್ತಿದ್ದರು. ಅವರಲ್ಲಿ ಒಬ್ಬ ಬಣ್ಣದಂಗಡಿಯವನು, ಮೇಸ್ತ್ರಿಯ ಹಳೆಯ ಪರಿಚಯ. ಅವನ ಕಿವಿಗೆ ಬಿದ್ದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹೆಂಡತಿಯೇ ಹೇಳಿಬಿಡಬಹುದಿತ್ತು. ಆದರೆ ಅದು ಅವನೇ ಹೇಳಬೇಕಾದ ಮಾತೆಂದು ಅವಳಿಗೆ ಗೊತ್ತಿತ್ತು.

“ರೀ,” ಎಂದಳು ಮೆಲ್ಲಗೆ. “ಮನೆ ಹೋಗುತ್ತೆ.”

ಅವನು ಎದ್ದು ನಿಂತ. ಫೋಟೋದ ಮೇಲೆ ಬೆರಳಿಟ್ಟ.

“ಮೇಡಂ, ಇದನ್ನ ಸ್ವಲ್ಪ ದೊಡ್ಡದು ಮಾಡಿ. ಇಲ್ಲಿ ನೋಡಿ. ಇಲ್ಲಿವರೆಗೆ ನಂದು. ಇಲ್ಲಿಂದ ಮೇಲೆ ಬ್ರಷ್ ಗೀಚು ಕಾಣುತ್ತೆ, ಅಲ್ಲಲ್ಲಿ ಬಣ್ಣ ಇಳಿದಿದೆ. ಅದು ನಮ್ಮನೆಯವಳದು. ನನ್ನ ಕೈ ಇಷ್ಟೇ ಏಳೋದು.” ಎಂದವನು ಬಲಗೈ ಎತ್ತಿದ. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಅವನು ಇನ್ನೂ ಎತ್ತಲು ನೋಡಿದ. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು, ಕೈ ನಡುಗಿತೇ ಹೊರತು ಏಳಲಿಲ್ಲ. ಬೆಂಚಿನಲ್ಲಿದ್ದ ಬಣ್ಣದಂಗಡಿಯವನು ಕತ್ತು ಚಾಚಿ ನೋಡಿದ.

“ಸಾಕು, ಕೂತ್ಕೊಳ್ಳಿ,” ಎಂದಳು ಅಧಿಕಾರಿಣಿ. ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡು ಕೇಳಿದಳು: “ಮತ್ತೆ ಅವತ್ತು ಯಾಕೆ ಹಾಗಂದ್ರಿ?”

“ಬಂದವರು ಚೆನ್ನಾಗಿದೆ ಅಂದ್ರಲ್ಲ ಮೇಡಂ,” ಎಂದ ಮೇಸ್ತ್ರಿ. “ಬಿದ್ದ ಮೇಲೆ ನನ್ನ ಕೆಲಸ ಚೆನ್ನಾಗಿದೆ ಅಂದವರು ಅವರೊಬ್ಬರೇ.”

ಹೆಂಡತಿ ಎಲ್ಲರೆದುರಿಗೇ ಅವನ ಕೈ ಹಿಡಿದುಕೊಂಡಳು. ಹಾಗೆ ಹಿಡಿಯುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

ಕನ್ನಡಕದವನು ಮತ್ತೊಮ್ಮೆ ಬಂದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿಕೊಂಡು ಹೋದ. ಕಂತು ಇಳಿದು ಮೊದಲಿನದರ ಅರ್ಧಕ್ಕಿಂತ ತುಸು ಮೇಲೆ ನಿಂತಿತು, ಅವಧಿ ಮಾತ್ರ ಮೇಸ್ತ್ರಿಯ ಮುಪ್ಪಿನವರೆಗೂ ಹಿಗ್ಗಿತು. ಬಾಗಿಲ ನೋಟಿಸನ್ನು ಮಗಳು ನೀರು ಹಾಕಿ ನೆನೆಸಿ ಕಿತ್ತಳು. ಆದರೆ ಇಳಿದ ಕಂತನ್ನೂ ದುಡಿದೇ ಕಟ್ಟಬೇಕಲ್ಲ. ಕೈಯ ವಿಷಯ ಊರಿಗೆ ಗೊತ್ತಾಗಿಯೇ ಆಗಿತ್ತು, ಇನ್ನು ಮುಚ್ಚಿಡುವುದೇನು? ಏಣಿ ಹತ್ತುವುದಕ್ಕೆ ಹೆಂಡತಿಯೇ ಟೊಂಕ ಕಟ್ಟಿ ನಿಂತಳು.

ಅವರು ಜೊತೆಯಾಗಿ ಹಿಡಿದ ಮೊದಲ ಕೆಲಸ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಬಣ್ಣದಂಗಡಿಯವನೇ ಕೊಡಿಸಿದ್ದು. ಮುಗಿಯುವ ದಿನ ಡಾಕ್ಟರು ಬಂದು ಸುತ್ತ ನೋಡಿದರು.

“ತುಂಬ ಚೆನ್ನಾಗಿ ಬಂದಿದೆ. ಯಾರು ಮಾಡಿದ್ದು?”

ಏಣಿಯ ಮೇಲೆ ಚಾವಣಿಯ ಅಂಚಿಗೆ ಬ್ರಷ್ ಹಿಡಿದಿದ್ದ ಹೆಂಡತಿಯ ಕೈ ನಿಂತುಹೋಯಿತು. ಮೇಸ್ತ್ರಿ ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ಮೇಲಿನ ಗೆರೆ ಅಷ್ಟೊಂದು ನೇರವೇನೂ ಇರಲಿಲ್ಲ.

“ಭುಜದವರೆಗೆ ನಂದು, ಡಾಕ್ಟ್ರೇ,” ಎಂದ. “ಅಲ್ಲಿಂದ ಮೇಲೆಲ್ಲ ಅವಳದು.”

ಏಣಿಯ ಮೇಲಿದ್ದವಳು ಗೋಡೆಯ ಕಡೆಗೇ ಮುಖ ಮಾಡಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ರೀ, ಬಾಗಿಲ ಹತ್ರ ಇನ್ನೂ ಒಣಗಿಲ್ಲ,” ಎಂದಳು. “ಅವರಿಗೆ ಮುಟ್ಟಬೇಡಿ ಅಂತ ಹೇಳಿ.”