ಅಕ್ಟೋಬರ್ ಎರಡರಂದು ಹುಟ್ಟದ ಮನುಷ್ಯ

ಬಸವಕಲ್ಯಾಣದ ನಮ್ಮ ಶಾಲೆಯ ಬಾಗಿಲ ಪಕ್ಕದಲ್ಲಿ ಒಂದು ಕರಿಹಲಗೆ ಇತ್ತು. ಅದರ ಮೇಲೆ ದಿನಾ ಬೆಳಿಗ್ಗೆ ‘ದಿನ ವಿಶೇಷ’ ಬರೆಯುವುದು ನನ್ನ ಕೆಲಸ. ಈ ದಿನ ಹುಟ್ಟಿದವರು, ಈ ದಿನ ತೀರಿಕೊಂಡವರು, ಈ ದಿನ ನಡೆದದ್ದು. ಹುಮನಾಬಾದದಿಂದ ಬಸ್ಸಿಗೆ ಬಂದವಳು ಕೈಚೀಲ ಇಳಿಸುವ ಮೊದಲೇ ಸೀಮೆಸುಣ್ಣ ಹಿಡಿಯುತ್ತಿದ್ದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬರೆದಿದ್ದೇನೆ. ಯಾವ ತಾರೀಖು ಹೇಳಿದರೂ ಅವತ್ತು ಯಾರು ಹುಟ್ಟಿದರು, ಯಾರು ಸತ್ತರು ಎಂದು ಥಟ್ಟನೆ ಹೇಳಬಲ್ಲೆ. ಸಹೋದ್ಯೋಗಿಗಳು ನನ್ನನ್ನು ನಡೆದಾಡುವ ಪಂಚಾಂಗ ಎಂದು ಚೇಷ್ಟೆ ಮಾಡುತ್ತಿದ್ದರು.

ಜೂನ್ ಒಂದು ಬಂತೆಂದರೆ ಮಾತ್ರ ಕೈ ಬಿಗಿದು ಸುಣ್ಣ ಮುರಿಯುತ್ತಿತ್ತು. ಅವತ್ತು ಕಣ್ಣೂ ಕಿವಿಯೂ ಇಲ್ಲದೆ ಓದಿ ಜಗತ್ತಿಗೆ ಪಾಠ ಹೇಳಿದ ಅಮೆರಿಕದ ಹೆಣ್ಣುಮಗಳು ತೀರಿಕೊಂಡಳು. ಅವತ್ತೇ ಹಿಂದಿ ಸಿನಿಮಾದ ದೊಡ್ಡ ನಟಿಯೊಬ್ಬಳು ಹುಟ್ಟಿದಳು. ಜೊತೆಗೆ ನಾನೂ ಹುಟ್ಟಿದೆ, ನನ್ನ ಅಣ್ಣ ಹುಟ್ಟಿದ, ನನ್ನ ಗಂಡ ಹುಟ್ಟಿದರು, ಹುಮನಾಬಾದದ ಹತ್ತಿರ ಹುಡಗಿ ಎಂಬ ನಮ್ಮೂರಿನಲ್ಲಿ ನನ್ನ ಓರಗೆಯವರೆಲ್ಲ ಹುಟ್ಟಿದರು. ಕಾಗದದ ಮೇಲೆ, ಅಷ್ಟೇ. ನಮ್ಮ ಕಾಲದಲ್ಲಿ ಹುಟ್ಟಿದ ತಾರೀಖನ್ನು ಯಾರು ಬರೆದಿಡುತ್ತಿದ್ದರು? ಶಾಲೆಗೆ ಹೆಸರು ಹಚ್ಚುವ ದಿನ ಮಾಸ್ತರು ಮಗುವಿನ ಮುಖ ನೋಡಿ ಒಂದು ವರ್ಷ ಗೊತ್ತುಮಾಡಿ, ಮುಂದೆ ‘ಜೂನ್ ಒಂದು’ ಎಂದು ಬರೆದುಬಿಡುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಒಂದೇ ದಿನ ಹುಟ್ಟಿದ್ದೀರಿ ಎಂದು ಬ್ಯಾಂಕಿನ ಹುಡುಗಿಯೊಬ್ಬಳು ನಮ್ಮ ಕಾಗದ ನೋಡಿ ಖುಷಿಪಟ್ಟಿದ್ದಳು. ಅವಳು ಈ ಕಡೆಯವಳಲ್ಲ.

ತಾರೀಖು ಸುಳ್ಳಾದರೆ ಯಾರಿಗೂ ನಷ್ಟವಿಲ್ಲ. ನನ್ನ ಸಿಟ್ಟು ವರ್ಷದ ಮೇಲೆ. ಹುಡಗಿಯ ಮಾಸ್ತರು ನನಗೆ ಎರಡು ವರ್ಷ ಹೆಚ್ಚು ಬರೆದಿದ್ದರು. ಅದೇ ಮಾಸ್ತರು ತಮ್ಮ ಸ್ವಂತ ಮಗನ ಹೆಸರು ಹಚ್ಚುವಾಗ ಪೆನ್ನನ್ನು ಬೇರೆ ರೀತಿ ಹಿಡಿದರು. ಮಗನಿಗೆ ಜೂನ್ ಒಂದು ಅಲ್ಲ, ಅಕ್ಟೋಬರ್ ಎರಡು. ದೇಶವೇ ತಲೆಬಾಗುವ ಮಹಾತ್ಮ ಹುಟ್ಟಿದ ದಿನ, ಗಿಡ್ಡ ಮೈಯ ಗಟ್ಟಿ ಪ್ರಧಾನಿ ಹುಟ್ಟಿದ ದಿನ, ಮನೆಮನೆಯ ಲಕ್ಷ್ಮಿ ಸರಸ್ವತಿಯರ ಚಿತ್ರ ಬರೆದ ಕಲಾವಿದ ತೀರಿಕೊಂಡ ದಿನ. ಇಂಥ ಪಂಕ್ತಿಯಲ್ಲಿ ಮಗನಿಗೂ ಒಂದು ಎಲೆ ಹಾಕಿಸಿದರು.

ಖರೆ ಸಂಗತಿ ನಮ್ಮವ್ವ ನನಗೆ ಎಷ್ಟೋ ಸಲ ಹೇಳಿದ್ದಳು. ಮಾಸ್ತರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನೂ ಅವರ ಮಗನೂ ಒಂದೇ ದಿನ ಹುಟ್ಟಿದವರು, ಕಾಮಣ್ಣನನ್ನು ಸುಟ್ಟ ಮರುದಿನ, ಊರೆಲ್ಲ ಬಣ್ಣ ಆಡುತ್ತಿದ್ದಾಗ. ಸೂಲಗಿತ್ತಿ ಆ ಮನೆಗೂ ಈ ಮನೆಗೂ ಓಡಾಡಿ ಸುಸ್ತಾಗಿದ್ದಳಂತೆ. ಅಂದ ಮೇಲೆ ಅಕ್ಟೋಬರ್ ಎಲ್ಲಿಂದ ಬಂತು?

ಆ ಮಗ ಮುಂದೆ ನನ್ನ ಸಹೋದ್ಯೋಗಿಯಾದರು. ಓದಿನಲ್ಲಿ ನನಗಿಂತ ಎರಡು ವರ್ಷ ಹಿಂದಿದ್ದವರು. ನನಗೆ ಮದುವೆ, ಮಕ್ಕಳು ಅಡ್ಡ ಬಂದು, ಕೊನೆಗೆ ನೌಕರಿಗೆ ಇಬ್ಬರೂ ಒಂದೇ ದಿನ ಸೇರಿದೆವು. ಅಂಕಗಳಲ್ಲಿ ನಾನು ಮುಂದಿದ್ದೆ, ಹಾಗಾಗಿ ಹಿರಿತನದ ಪಟ್ಟಿಯಲ್ಲಿ ನನ್ನ ಹೆಸರು ಮೇಲೆ, ಅವರದು ಕೆಳಗೆ. ಪ್ರತಿ ಅಕ್ಟೋಬರ್ ಎರಡರಂದು ಶಾಲೆಯಲ್ಲಿ ಭಾಷಣ ಅವರದೇ. “ಮಹಾತ್ಮರು ಹುಟ್ಟಿದ ದಿನವೇ ನಾನೂ ಹುಟ್ಟಿದ್ದು ನನ್ನ ಪುಣ್ಯ” ಎಂದು ಶುರುಮಾಡುತ್ತಿದ್ದರು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಹಲಗೆಯ ಮೇಲೆ ತಮ್ಮ ಹೆಸರನ್ನೂ ‘ಹುಟ್ಟಿದವರು’ ಸಾಲಿಗೆ ಸೇರಿಸಿ ಎಂದು ಒಮ್ಮೆ ನನಗೇ ನಗುನಗುತ್ತ ಹೇಳಿದರು. ನಾನು ಸೇರಿಸಲಿಲ್ಲ. ಮಧ್ಯಾಹ್ನ ಹೊರಗೆ ಬಂದು ನೋಡಿದರೆ ಅವರ ಕೈಬರಹದಲ್ಲಿ ಅದು ಸೇರಿತ್ತು.

ಒಂದು ದಿನ ಶಿಕ್ಷಕರ ಕೋಣೆಯಲ್ಲಿ ಎಲ್ಲರೆದುರು ಹೇಳಿದೆ. “ಸರ್, ನೀವು ನಾನು ಒಂದ ದಿನ ಹುಟ್ಟಿದವರು. ಬಣ್ಣದ ದಿನ.”

ಅವರು ಚಹದ ಲೋಟ ಕೆಳಗಿಡಲಿಲ್ಲ. “ರಜಿಸ್ಟರ್ ಏನ ಹೇಳ್ತದೋ ಅದ ಖರೆ ಮೇಡಂ. ಉಳಿದದ್ದೆಲ್ಲ ಹೆಣ್ಮಕ್ಕಳ ಕತಿ” ಎಂದರು.

ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ನನ್ನದು ಅಲ್ಲಿಂದ ಶುರುವಾಗಿ ಅದನ್ನೂ ದಾಟಿತು. ವಯಸ್ಸು ತಿದ್ದಿಸಲು ಅರ್ಜಿ ಹಾಕಿದೆ. ಶಾಲೆಯ ದಾಖಲೆಯೇ ಅಂತಿಮ, ತಿದ್ದುವ ಕಾಲವೂ ಮುಗಿದಿದೆ ಎಂದು ಉತ್ತರ ಬಂತು. ಮೇ ಮೂವತ್ತೊಂದಕ್ಕೆ, ನಮ್ಮ ಜಿಲ್ಲೆಯ ಇನ್ನೆಷ್ಟೋ ಜನರ ಜೊತೆ, ನಾನೂ ನಿವೃತ್ತಳಾದೆ. ಬೀಳ್ಕೊಡುವ ಸಭೆಯಲ್ಲಿ ಅವರು ಎದ್ದು ನಿಂತು, “ಮೇಡಂ ನನಗಿಂತ ಎರಡು ವರ್ಷ ದೊಡ್ಡವರು, ನನಗೆ ಅಕ್ಕನ ಸಮಾನ” ಎಂದರು. ಹಾರದ ಕೆಳಗೆ ನನ್ನ ಮೈ ಉರಿಯಿತು.

ಮುಖ್ಯಗುರುಗಳ ಬಡ್ತಿಯ ಪಟ್ಟಿ ಹೊರಬಿದ್ದದ್ದು ಜೂನ್ ಕೊನೆಗೆ. ಒಂದೇ ತಿಂಗಳು! ಮೇಲಿದ್ದ ನನ್ನ ಹೆಸರಿನ ಮುಂದೆ ‘ನಿವೃತ್ತ’ ಎಂದಿತ್ತು. ನನಗೆ ಸಿಗಬೇಕಿದ್ದ ಕುರ್ಚಿ ಕೆಳಗಿನ ಹೆಸರಿಗೆ ಹೋಯಿತು. ಜೀವನದಲ್ಲಿ ನಾನು ಬೇರೇನೂ ಆಸೆಪಟ್ಟವಳಲ್ಲ. ಆ ಕೋಣೆಯಲ್ಲಿ ಒಂದು ದಿನವಾದರೂ ಕೂರಬೇಕು, ಗೋಡೆಯ ಮೇಲಿನ ಮುಖ್ಯಗುರುಗಳ ಪಟ್ಟಿಯಲ್ಲಿ ಒಂದು ಹೆಣ್ಣಿನ ಹೆಸರು ಬರಬೇಕು ಎಂದಿತ್ತು. ಅದರಲ್ಲಿ ಇವತ್ತಿಗೂ ಒಂದೂ ಹೆಣ್ಣಿನ ಹೆಸರಿಲ್ಲ.

ಎರಡು ವರ್ಷದ ಮೇಲೆ ಅವರ ಸರದಿ ಬಂತು. ಅಕ್ಟೋಬರ್ ಎರಡಕ್ಕೆ ಅರವತ್ತು ತುಂಬುವುದು, ತಿಂಗಳ ಕೊನೆಗೆ ನಿವೃತ್ತಿ. ಜಯಂತಿ, ಹುಟ್ಟುಹಬ್ಬ, ಸನ್ಮಾನ ಮೂರನ್ನೂ ಅದೇ ದಿನ ಒಟ್ಟಿಗೆ ಮಾಡುವುದೆಂದು ಶಿಕ್ಷಕರು ಗೊತ್ತುಮಾಡಿದರು. ಹಳೆಯವಳೆಂದು ನನಗೂ ವೇದಿಕೆಯ ಮೇಲೆ ಕುರ್ಚಿ. ದಿನ ವಿಶೇಷದ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ನಾನು ಒಂದೇ ಒಂದು ಸಲಹೆ ಕೊಟ್ಟೆ. “ಇಂಥ ಮಗನ್ನ ಹಡೆದ ತಾಯಿಗೆ ಮೊದಲು ಸನ್ಮಾನ ಆಗ್ಲಿ.” ಎಲ್ಲರೂ ಮೆಚ್ಚಿದರು. ಮಾಸ್ತರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಹೆಂಡತಿ ಹುಡಗಿಯಲ್ಲಿ ಕಿರಿಯ ಮಗನ ಜೊತೆ ಇದ್ದಳು.

ಅದಕ್ಕೂ ಮೊದಲು ನಾನು ಎರಡು ಸಲ ಹುಡಗಿಗೆ ಹೋಗಿ ಬಂದಿದ್ದೆ. ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿದ್ದು ಪ್ರೀತಿಗಲ್ಲ. ದೊಡ್ಡವ್ವನಿಗೆ, ನಾನು ಆಕೆಯನ್ನು ಕರೆಯುವುದು ಹಾಗೆ, ತೊಂಬತ್ತರ ಹತ್ತಿರ ವಯಸ್ಸು. ಕಣ್ಣು ಮಂಜಾಗಿದೆ, ನೆನಪು ಮಾತ್ರ ಕತ್ತರಿಯಷ್ಟು ಹರಿತ. ವಕೀಲನ ಹಾಗೆ ಸುತ್ತಿ ಬಳಸಿ ಕೇಳಿದೆ. ಮಗ ಹುಟ್ಟಿದ ದಿನದ ಕತೆಯನ್ನು ಎರಡೂ ಸಲ ಒಂದಕ್ಷರ ತಪ್ಪದೆ ಹೇಳಿದಳು. ತಾಯಿಯ ಬಾಯಿಂದಲೇ ಮಗನಿಗೆ ಹೊಡೆಸಬೇಕು ಎಂದು ನಿರ್ಧರಿಸಿದೆ. ಇದು ಒಳ್ಳೆಯ ಕೆಲಸವಲ್ಲ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ.

ಅವತ್ತು ಕಿರಿಯ ಮಗ ಆಕೆಯನ್ನು ಜೀಪಿನಲ್ಲಿ ಕರೆತಂದ. ಮಹಾತ್ಮರ ಪಟ ಒಂದು ಕಡೆ, ಪ್ರಧಾನಿಯ ಪಟ ಇನ್ನೊಂದು ಕಡೆ, ನಡುವೆ ನೂಲಿನ ಹಾರ ಹಾಕಿಕೊಂಡು ಅವರು. ದೊಡ್ಡವ್ವನಿಗೆ ಶಾಲು ಹೊದಿಸಿದರು. ನನ್ನ ಸರದಿ ಬಂದಾಗ ಮೈಕನ್ನು ಕೈಯಲ್ಲೇ ಹಿಡಿದು ಆಕೆಯ ಪಕ್ಕ ಹೋಗಿ ನಿಂತೆ.

“ದೊಡ್ಡವ್ವಾ, ಸರ್ ಹುಟ್ಟಿದ ದಿನ ಊರಾಗ ಏನು ವಿಶೇಷ ಇತ್ತು? ಮಕ್ಕಳಿಗೆ ಹೇಳು.”

“ಇವನಾ?” ಎಂದು ಆಕೆ ಬಾಯಿ ತುಂಬ ನಕ್ಕಳು. “ಇವ ಹುಟ್ಟಿದ್ದು ಬಣ್ಣದ ದಿನ. ಹಿಂದಿನ ದಿನ ಕಾಮಣ್ಣನ ಸುಟ್ಟಿದ್ರು. ಸೂಲಗಿತ್ತಿ ಕೈತುಂಬ ಬಣ್ಣ ಮಾಡ್ಕೊಂಡ ಓಡಿ ಬಂದ್ಲು. ಕೂಸಿನ ಮೈ ಮ್ಯಾಲಿದ್ದದ್ದು ಬಣ್ಣನೋ ರಕ್ತನೋ ನಂಗ ತಿಳಿಲೇ ಇಲ್ಲ.”

ಮಕ್ಕಳು ಕಿಸಕ್ಕೆಂದರು. ಹಿಂದಿನ ಸಾಲಿನಲ್ಲಿ ಶಿಕ್ಷಕರು ಒಬ್ಬರ ಮುಖ ಒಬ್ಬರು ನೋಡಿದರು.

“ಮತ್ತ ಅಕ್ಟೋಬರ್ ಎರಡು ಅಂತ ಬರದಾರಲ್ಲ?”

“ಅದು ಇವರಪ್ಪ ಬರದದ್ದು. ಊರ ಮಕ್ಕಳಿಗೆಲ್ಲ ಒಂದ ತಾರೀಖ ಬರದು ಬರದು ಬ್ಯಾಸರ ಬಂದಿತ್ತು. ನನ್ನ ಮಗನಿಗರೇ ಒಂದು ಚೊಲೋ ತಾರೀಖ ಇರ್ಲಿ, ಅವತ್ತ ಸಾಲಿ ಸೂಟಿನೂ ಇರ್ತದ ಅಂದ್ರು.”

ಸಭೆಯೇ ನಕ್ಕಿತು. ಅವರೂ ನಗಲು ನೋಡಿದರು, ತುಟಿ ಒಪ್ಪಲಿಲ್ಲ. ಕೊರಳಿನ ನೂಲಿನ ಹಾರವನ್ನು ಸುಮ್ಮನೆ ಸರಿಮಾಡಿಕೊಂಡರು. ಹೆಣ್ಣುಮಕ್ಕಳ ಕತೆ ಎಂದಿದ್ದರಲ್ಲ, ಈಗ ಆ ಕತೆಯನ್ನು ಅವರ ಸ್ವಂತ ತಾಯಿಯೇ ಮೈಕಿನಲ್ಲಿ ಹೇಳಿದ್ದಳು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅಲ್ಲಿಗೇ ಮೈಕು ಕೆಳಗಿಡಬೇಕಿತ್ತು. ಆದರೆ ನನಗೆ ತಂದೆಯೂ ಬೇಕಾಗಿದ್ದ. ಸತ್ತ ಮಾಸ್ತರನ್ನೂ ಎಳೆದು ತಂದು ಆ ಸಭೆಯಲ್ಲಿ ನಿಲ್ಲಿಸಬೇಕು ಎನಿಸಿತು.

“ದೊಡ್ಡವ್ವಾ, ನಾನೂ ಅವತ್ತ ಹುಟ್ಟಿದಾಕಿ. ಮತ್ತ ಮಾಸ್ತರು ನಂಗ ಎರಡು ವರ್ಷ ಹೆಚ್ಚಿಗಿ ಯಾಕ ಬರದ್ರು? ಅವರಿಗೆ ನಾ ಏನು ಮಾಡಿದ್ದೆ?”

ಆಕೆ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. “ಅದಾ? ಅದು ಅವರು ಬರದದ್ದಲ್ಲ ತಂಗಿ. ನಿಮ್ಮವ್ವ ಬರಸಿದ್ದು.”

ಮೈಕು ನನ್ನ ಕೈಯಲ್ಲೇ ಇತ್ತು. ಆಕೆ ಮಾತು ಮುಂದುವರಿಸಿದಳು, ಇಡೀ ಶಾಲೆ ಕೇಳಿತು.

“ನಿಮ್ಮಪ್ಪ ನಿನ್ನ ಕೊಹಿನೂರ ಹಳ್ಳಿಗೆ ಕಳಸಾಕ ನಿಂತಿದ್ದ. ಅಲ್ಲಿ ನಿಮ್ಮ ಸ್ವಾದರತ್ತಿ ಕೂಸಿನ ತೊಟ್ಟಿಲ ತೂಗಾಕ ಒಬ್ಬಾಕಿ ಬೇಕಾಗಿತ್ತು. ನಿನಗ ಆಗ ನಾಕು ವರ್ಷ. ನಿಮ್ಮವ್ವ ಮುಂಜಾನೆ ಎದ್ದು ನಿನ್ನ ಎತ್ಕೊಂಡ ಬಂದು ನಮ್ಮ ಕಟ್ಟಿ ಮ್ಯಾಲ ಕುಂತ್ಲು. ಸಾಲಿ ಪುಸ್ತಕದಾಗ ಹೆಸರು ಹಚ್ರಿ, ಮಾಸ್ತರಿಗೆ ಅಂಜಿ ಅಂವ ಕಳಸಂಗಿಲ್ಲ ಅಂದ್ಲು. ಇವರು ಆಗಂಗಿಲ್ಲ ಅಂದ್ರು. ಆಗೆಲ್ಲ ತಲಿ ಮ್ಯಾಲಿಂದ ಕೈ ಹಾಕಿ ಆ ಕಡಿ ಕಿವಿ ಮುಟ್ಟಬೇಕಿತ್ತು. ಮುಟ್ಟಿದ್ರ ಸಾಲಿಗೆ, ಇಲ್ಲಂದ್ರ ಮನಿಗೆ. ನಿನ್ನ ಕೈ ಎಲ್ಲಿ ಮುಟ್ಟಬೇಕು? ನಿಮ್ಮವ್ವ ನಿನ್ನ ತಲಿ ಬಗ್ಗಿಸಿ, ಕೈ ಹಿಡದು ಜಗ್ಗಿದ್ಲು. ನೀ ಚೀರಾಕತ್ತಿದಿ. ಮುಟ್ತು ನೋಡ್ರಿ ಅಂದ್ಲು ನಿಮ್ಮವ್ವ.”

ಯಾರೂ ನಗಲಿಲ್ಲ. “ಆತು, ಐದು ಬರೀತೀನಿ ಅಂದ್ರು ನಮ್ಮವರು. ಐದು ಬ್ಯಾಡ್ರಿ, ಆರು ಬರೀರಿ, ನಾಳೆ ಯಾರರೇ ಬಂದು ಸಣ್ಣಾಕಿ ಅಂತ ಹೊರಗ ಹಾಕಿದ್ರ ಹ್ಯಾಂಗ ಅಂತ ಕೈ ಮುಗದ್ಲು. ನಿನಗ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಹಾಕಿಸಿದ್ಲು, ನಿಮ್ಮಪ್ಪನ ಕಿವಿಗೆ ಬೀಳ್ತದ ಅಂತ. ಈಗ ಇಬ್ಬರೂ ಹೋಗ್ಯಾರ. ನೀ ಕೇಳಿದಿ, ಹೇಳೀನಿ.”

ನಾನು ಏನು ಹೇಳಿ ಕುಳಿತೆನೋ ನೆನಪಿಲ್ಲ. ವಂದನಾರ್ಪಣೆ ಆಯಿತು, ಉಪ್ಪಿಟ್ಟು ಶಿರಾ ಬಂತು. ಅವರು ತಾವೇ ಒಂದು ತಟ್ಟೆ ತಂದು ನನ್ನ ಮುಂದೆ ಇಟ್ಟರು. ಮುಖದಲ್ಲಿ ಗೆದ್ದೆನೆಂಬ ಕಳೆ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಅದೂ ಇರಲಿಲ್ಲ. “ನಂಗೂ ಗೊತ್ತಿರಲಿಲ್ಲ ಮೇಡಂ” ಎಂದಷ್ಟೇ ಹೇಳಿ ಹೋದರು. ಅವರನ್ನು ನೋಡಿ ಪಾಪ ಎನಿಸಿತೇ ಎಂದು ಆಮೇಲೆ ಕೆಲವರು ಕೇಳಿದ್ದಾರೆ. ಇಲ್ಲ. ಸುಳ್ಳು ದಿನ ಸುಳ್ಳೇ, ಅದನ್ನು ಕಿತ್ತುಕೊಂಡದ್ದಕ್ಕೆ ಇವತ್ತಿಗೂ ನನಗೆ ಸಂತೋಷವಿದೆ. ತಟ್ಟೆಯನ್ನು ಮುಟ್ಟದೆ ಎದ್ದು ಬಂದೆ.

ಹುಮನಾಬಾದದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸಿಟ್ಟು ಹಾಗೇ ಇತ್ತು, ಇಡಲು ಜಾಗ ಇರಲಿಲ್ಲ. ಎಷ್ಟೋ ವರ್ಷ ಆ ಎರಡು ವರ್ಷ ಬರೆದ ಕೈಗೆ ಹಿಡಿಶಾಪ ಹಾಕಿದ್ದೆ. ಬರೆಸಿದ ಕೈ ನನ್ನನ್ನು ಸಾಕಿದ ಕೈ. ಆ ಕೈ ನನ್ನ ಕೈಯನ್ನು ಜಗ್ಗದಿದ್ದರೆ ನಾನು ಕೊಹಿನೂರದಲ್ಲಿ ಒಂದರ ಹಿಂದೆ ಒಂದು ತೊಟ್ಟಿಲು ತೂಗಿ, ಹೆಬ್ಬೆಟ್ಟು ಒತ್ತಿ ಮುದುಕಿಯಾಗುತ್ತಿದ್ದೆ. ಅದೆಲ್ಲ ತಿಳಿಯಿತು. ತಿಳಿದರೂ ಆ ಕೋಣೆ, ಆ ಕುರ್ಚಿ ಕಣ್ಣ ಮುಂದಿನಿಂದ ಹೋಗಲಿಲ್ಲ. ಒಂದೇ ತಿಂಗಳ ಅಂತರದಲ್ಲಿ ಕೈತಪ್ಪಿತ್ತು ಅದು.

ಅವ್ವ ಎದುರಿಗಿದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ, ಬಿದ್ದು ಎದ್ದು ಜಗಳ ತೆಗೆಯುತ್ತಿದ್ದೆ. ಬಸ್ಸು ತುಂಬ ಮಂದಿ ಇದ್ದರು. ನನಗೆ ಅದರ ಪರಿವೆ ಇರಲಿಲ್ಲ, ಕಣ್ಣೀರು ಒರೆಸಿಕೊಳ್ಳದೆ ಗಟ್ಟಿಯಾಗಿಯೇ ಕೇಳಿದೆ.

“ಮಾಸ್ತರು ಐದು ಬರೀತೀನಿ ಅಂದಿದ್ರಲ್ಲವ್ವಾ. ನಿನಗ ಒಂದು ವರ್ಷ ಸಾಲಲಿಲ್ಲೇನು?”