ಒಂದು ಲೋಡು ಅಂದರೆ ಎಷ್ಟು

ಅಣ್ಣನ ಟ್ರ್ಯಾಕ್ಟರ್ ಟ್ರೈಲರಿನ ತಳ ತೂತು ಬಿದ್ದದ್ದು ಅಕ್ಕೂರಿನ ಕಡೆಯಿಂದ ಸೌದೆ ತುಂಬಿಕೊಂಡು ಬರುವಾಗ. ತುಕ್ಕು ತಿಂದಿದ್ದ ತಗಡಿನ ತೂತಿನಿಂದ ಒಂದೊಂದೇ ತುಂಡು ರಸ್ತೆಗೆ ಉದುರುತ್ತ ಬಂದಿತ್ತಂತೆ. ಹಿಂದೆ ಬೈಕಿನಲ್ಲಿ ಬರುತ್ತಿದ್ದವನೊಬ್ಬ ಅವನ್ನು ಹೆಕ್ಕಿ ಹೆಕ್ಕಿ, ತನ್ನ ಮನೆಗೆ ಸಾಕಾಗುವಷ್ಟಾದ ಮೇಲೆ ಮುಂದೆ ಬಂದು, "ಅಣ್ಣೋ, ನಿಮ್ ಸೌದೆ ಬೀಳ್ತಾ ಐತೆ" ಎಂದು ತಿಳಿಸಿದನಂತೆ. ನಾನು ಅಲ್ಲಿರಲಿಲ್ಲ. ಅಣ್ಣ ಹೇಳಿದ್ದನ್ನು ಕೇಳಿದವನು ಅಷ್ಟೆ. ಆದರೆ ಎಷ್ಟು ಸಲ ಕೇಳಿದ್ದೇನೆಂದರೆ ಆ ಬೈಕಿನವನ ಮುಖ ಕೂಡ ಈಗ ನನಗೆ ಕಾಣುತ್ತದೆ. ಹೀಗಾಗಿ ಮುಂದೆ ಬರೆಯುವುದನ್ನು ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುವುದು ಒಳ್ಳೆಯದು.

ನಾನು ರಾಮನಗರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಅಣ್ಣ ಹೊಂಗನೂರಿನ ಹತ್ತಿರದ ನಮ್ಮ ಊರಿನಲ್ಲೇ ಇದ್ದಾನೆ. ಜಮೀನಿನ ಕೆಲಸದ ಜೊತೆಗೆ, ರೇಷ್ಮೆ ನೂಲು ತೆಗೆಯುವ ರೀಲರುಗಳಿಗೆ ಸೌದೆ ಹೊಡೆಯುವುದು ಅವನ ಕಸುಬು. ಗೂಡು ಬೇಯಿಸುವ ನೀರು ಕಾಯಬೇಕು, ನೀರು ಕಾಯಲು ಒಲೆ ಉರಿಯಬೇಕು. ಗ್ಯಾಸು ಬಂದಿದೆ, ಬೇರೆ ಏನೇನೋ ಬಂದಿವೆ. ಆದರೂ ರಾಮನಗರದ ಒಬ್ಬ ಹಳೆಯ ರೀಲರ್ ಸಾಹೇಬರ ಮನೆಯ ಒಲೆ ಇನ್ನೂ ನೀಲಗಿರಿ ಮತ್ತು ಮಾವಿನ ತುಂಡುಗಳನ್ನೇ ನಂಬಿಕೊಂಡಿದೆ. ಅಣ್ಣ ಹೊಡೆಯುವ ಸೌದೆಯಲ್ಲಿ ಬಹುಪಾಲು ಹೋಗುವುದು ಆ ಒಂದೇ ಮನೆಗೆ. ಅವರು ಬೇಡ ಅಂದರೆ ಅಣ್ಣನ ಸೌದೆ ಕೆಲಸ ಮುಗಿದಂತೆ. ಇದು ನಮ್ಮೆಲ್ಲರಿಗೂ ಗೊತ್ತಿದ್ದ ವಿಷಯ. ಟ್ರೈಲರ್ ಕೊಳ್ಳುವಾಗ ಯಾರಿಗೂ ನೆನಪಾಗದ ವಿಷಯವೂ ಹೌದು.

ಅಣ್ಣ ಸೌದೆ ಕೊಡುವುದು ಲೋಡಿನ ಲೆಕ್ಕದಲ್ಲಿ. ಬೇರೆಯವರು ವೇಬ್ರಿಡ್ಜಿನಲ್ಲಿ ತೂಗಿಸಿ ಕೊಡುತ್ತಾರೆ. ಅಣ್ಣನಿಗೆ ಅದು ಆಗದು. "ಹಸಿ ಸೌದೆ ತೂಗಿದ್ರೆ ನೀರು ಮಾರ್ದಂಗೆ ಕಣ್ಲಾ" ಅನ್ನುತ್ತಾನೆ. ಅವನದು ಟ್ರೈಲರಿನ ಬಾಯಿಮಟ್ಟ ತುಂಬಿ, ಮೇಲೊಂದಿಷ್ಟು ಪೇರಿಸಿದರೆ ಒಂದು ಲೋಡು. ನಮ್ಮಪ್ಪನ ಕಾಲದಿಂದಲೂ ಹಾಗೆಯೇ. ಸಾಹೇಬರು ಒಂದು ದಿನವೂ ಕಟ್ಟಿಗೆ ಎಣಿಸಿದವರಲ್ಲ, ಅಣ್ಣ ಒಂದು ದಿನವೂ ಕಡಿಮೆ ತುಂಬಿದವನಲ್ಲ. ಕನಿಷ್ಠ ಇಬ್ಬರೂ ಹಾಗೆ ಹೇಳುತ್ತಾರೆ.

ಹೊಸ ಟ್ರೈಲರ್ ನೋಡಲು ನನ್ನನ್ನು ಕರೆದುಕೊಂಡು ಹೋದದ್ದಕ್ಕೆ ಅಣ್ಣನ ಬಳಿ ಕಾರಣವಿತ್ತು. ಓದಿದವನೊಬ್ಬ ಪಕ್ಕದಲ್ಲಿ ನಿಂತಿದ್ದರೆ ಅಂಗಡಿಯವರು ಟೋಪಿ ಹಾಕಲು ಹಿಂಜರಿಯುತ್ತಾರಂತೆ. ಅತ್ತಿಗೆ ಬಂದದ್ದು, ನಾವಿಬ್ಬರೇ ಹೋದರೆ ಹಾಕಿಸಿಕೊಂಡೇ ಬರುತ್ತೇವೆಂದು.

ಚನ್ನಪಟ್ಟಣದಲ್ಲಿ ಟ್ರೈಲರ್ ಕಟ್ಟುವವರು ನಮಗೆ ದೂರದ ನೆಂಟರು. ಅವರ ಕೆಲಸ ಚೆನ್ನಾಗಿತ್ತು, ಅದಕ್ಕೇ ಅಲ್ಲಿ ಕೊಳ್ಳಲಿಲ್ಲ. ನೆಂಟರ ಹತ್ತಿರ ಕೊಂಡ ವಸ್ತು ಕೆಟ್ಟರೆ ಜಗಳ ಆಡಲಾಗುವುದಿಲ್ಲ. ಜಗಳ ಆಡಲಾಗದ ವಸ್ತುವನ್ನು ಅಣ್ಣ ಮನೆಗೆ ತರುವವನಲ್ಲ. ರಾಮನಗರದವನು ನಮ್ಮ ಕಡೆ ತಿರುಗಿಯೂ ನೋಡದೆ ಬೆಸುಗೆ ಹಾಕುತ್ತಲೇ ಇದ್ದ. ಮಾಗಡಿಯಲ್ಲಿ ಬಣ್ಣ ಬಹಳ ಚೆಂದ ಇತ್ತು. ಅತ್ತಿಗೆ ಬೀಗದ ಕೈಯಿಂದ ಮೂಲೆಯಲ್ಲಿ ಒಂದು ಗೀರು ಎಳೆದು, "ಮುಖಕ್ಕೆ ಪೌಡ್ರು ಬಳ್ಕೊಂಡಂಗೈತೆ" ಅಂದರು. ಅಂಗಡಿಯವನಿಗೆ ಕೇಳಿಸಿತು. ನಾವು ಬಿಡದಿಯ ಮೇಲೆ ವಾಪಸು ಬಂದೆವು. ಕೈಗಾರಿಕಾ ಪ್ರದೇಶದ ಶಿಫ್ಟು ಬಿಟ್ಟ ಹೊತ್ತು. ಬಸ್ಸುಗಳ ನಡುವೆ ಸಿಕ್ಕಿಕೊಂಡು ಕೂತಿರುವಾಗ ಅಣ್ಣ ಹೇಳಿದ ಒಂದು ಮಾತು ನನಗೆ ಸ್ಪಷ್ಟವಾಗಿ ನೆನಪಿದೆ: "ಗಟ್ಟಿ ಇರ್ಬೇಕು ಕಣ್ಲಾ. ಮಿಕ್ಕಿದ್ದೆಲ್ಲ ಆಮೇಲೆ." ಅತ್ತಿಗೆಯ ಪ್ರಕಾರ ಈ ಮಾತನ್ನು ಹೇಳಿದ್ದು ನಾನು.

ಕೊನೆಗೆ ಗಟ್ಟಿ ಸಿಕ್ಕಿದ್ದು ಕನಕಪುರದಲ್ಲಿ. ಆ ಅಂಗಡಿಯ ಯಜಮಾನ ಮಾತಿನವನು. ಟ್ರೈಲರಿನ ಪಕ್ಕ ನಿಂತು ಅದರ ಮೈಮೇಲೆ ಕೈಯಿಟ್ಟು, ಹಸು ಮಾರುವವನ ಹಾಗೆ ಮಾತಾಡಿದ. ಅಣ್ಣ ಟೈರಿಗೆ ಒದ್ದ, ಕೊಂಡಿ ಹಿಡಿದು ಎಳೆದ, ಒಳಕ್ಕೆ ಹತ್ತಿ ತಳದ ಮೇಲೆ ಕುಣಿದ. ಅತ್ತಿಗೆ ಬೀಗದ ಕೈ ಪ್ರಯೋಗ ಮಾಡಿದರು, ಬಣ್ಣ ಏಳಲಿಲ್ಲ. ಎಲ್ಲರೂ ಏನಾದರೂ ಮಾಡುತ್ತಿದ್ದರೆಂದು ನಾನು ಬೆರಳಿನ ಗೆಣ್ಣಿನಿಂದ ತಟ್ಟಿದೆ. ಸದ್ದು ಬಂತು. ಒಳ್ಳೆಯ ಸದ್ದೋ ಕೆಟ್ಟ ಸದ್ದೋ ತಿಳಿಯದಿದ್ದರೂ ತಲೆಯಾಡಿಸಿದೆ.

"ನೋಡಿ ಸಾರ್ ಒಪ್ಕೊಂಡ್ರು" ಅಂದ ಯಜಮಾನ. "ಇಂಥಾ ಚಾಸಿ ಮ್ಯಾಲೆ ಚಿಕ್ಕ ಬಾಡಿ ಕೂರ್ಸಿದ್ರೆ ಪೈಲ್ವಾನಂಗೆ ಮಗುವಿನ ಅಂಗಿ ಹಾಕ್ದಂಗೆ ಗೌಡ್ರೇ. ಅದ್ಕೇ ಒಸಿ ಉದ್ದ ಮಾಡಿವ್ನಿ, ಒಸಿ ಎತ್ತರ ಮಾಡಿವ್ನಿ."

"ಒಸಿ ಅಂದ್ರೆ ಏಟು?" ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಬೇಕಿತ್ತು. ಕಬ್ಬಿಣದ ದಪ್ಪ ಕೇಳಿದೆವು, ಆಕ್ಸಲ್ ಎಲ್ಲಿಯದೆಂದು ಕೇಳಿದೆವು, ಬಣ್ಣಕ್ಕೆ ಗ್ಯಾರಂಟಿ ಉಂಟೇ ಎಂದೂ ಕೇಳಿದೆವು. ಉದ್ದಗಲ ಕೇಳಲಿಲ್ಲ. ದೊಡ್ಡದು ಅನ್ನುವುದು ಗಟ್ಟಿ ಅನ್ನುವುದರ ಜೊತೆಗೆ ಪುಕ್ಕಟೆ ಬಂದ ಹಾಗಿತ್ತು. ಹಳೆಯದನ್ನು ಅಲ್ಲೇ ಬದಲಿಗೆ ಕೊಟ್ಟೆವು. ಅದನ್ನು ಕತ್ತರಿಸಿ ಗುಜರಿಗೆ ಹಾಕುತ್ತಾರೆಂದು ಗೊತ್ತಿತ್ತು. ಅಪ್ಪನ ಕಾಲದ್ದು ಎಂದು ಅಣ್ಣ ಒಂದು ಸಲ ಅದರ ಹಿಂಬಾಗಿಲು ಸವರಿದ. ಅಳತೆ ಯಾರೂ ತೆಗೆದುಕೊಳ್ಳಲಿಲ್ಲ. ಆ ದಿನದ ನನ್ನ ದಿನಚರಿಯಲ್ಲಿರುವುದು ಕನಕಪುರದ ಹೋಟೆಲಿನಲ್ಲಿ ತಿಂದ ಉದ್ದಿನ ವಡೆ ಹಳಸಿತ್ತು ಎಂಬ ಒಂದೇ ಸಾಲು.

ನಿಂಬೆಹಣ್ಣು ತುಳಿಸಿ ಪೂಜೆಯಾದ ಮೇಲೆ ಮೊದಲ ಲೋಡು ಸಾಹೇಬರ ಮನೆಗೇ ಹೋಗಬೇಕೆಂದು ಅಣ್ಣನ ಆಸೆ. ಬಾಯಿಮಟ್ಟ ತುಂಬಿ, ಮೇಲೆ ಪೇರಿಸಿ, ಹಗ್ಗ ಬಿಗಿದು ಹೋದ. ಸಾಹೇಬರು ಹೊರಗೆ ಬಂದು ಟ್ರೈಲರಿನ ಸುತ್ತ ಒಂದು ಸುತ್ತು ಹಾಕಿ, "ಮಾಶಾ ಅಲ್ಲಾ ಗೌಡ್ರೇ, ಬರ್ಕತ್ ಬಂತು ನಿಮ್ಗೆ" ಅಂದರಂತೆ. ಅಣ್ಣ ಹಿಗ್ಗಿದ. ಆಮೇಲೆ ಮೆಲ್ಲಗೆ, ಇದು ಒಂದು ಲೋಡಿಗಿಂತ ಜಾಸ್ತಿ ಬರುತ್ತದಲ್ಲವೇ, ಅದನ್ನು ಹೇಗೆ ಮಾಡೋಣ ಎಂದು ಕೇಳಿದ. ಸಾಹೇಬರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಒಂದು ಟ್ರೈಲರ್ ತಂದ್ರಿ. ಒಂದು ಲೋಡ್ ಆಯ್ತು. ಇದ್ರಾಗೆ ಎಂಥಾ ಲೆಕ್ಕ?" ಅಣ್ಣ ನಾಚಿಕೆಯಿಂದ ಎಲ್ಲವನ್ನೂ ಇಳಿಸಿ ಬಂದ.

ಮುಂದಿನ ವಾರ ಅವನು ಹಳೆಯ ಲೋಡಿನಷ್ಟೇ ತುಂಬಿಕೊಂಡು ಹೋದ. ಹಳೆಯದರಲ್ಲಿ ತುಂಬಿ ತುಳುಕುತ್ತಿದ್ದ ಸೌದೆ ಹೊಸದರಲ್ಲಿ ತಟ್ಟೆಯ ತಳದಲ್ಲಿ ಉಳಿದ ಅನ್ನದ ಹಾಗೆ ಕಂಡಿತು. ಬೀದಿಯ ಟೀ ಅಂಗಡಿಯಲ್ಲಿ ಕೂತಿದ್ದ ಒಬ್ಬ ಇಣುಕಿ ನೋಡಿ, "ಏನ್ ಗೌಡ್ರೇ, ಅರ್ಧ ದಾರೀಲೇ ಮಾರ್ಕೊಂಡ್ ಬಂದ್ರಾ?" ಅಂದ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಸೌದೆ ಇಳಿದ ಮೇಲೆ ಅವರು ಎಂದಿನಿಂದಲೂ ಹೇಳುತ್ತಿದ್ದ ಒಂದು ಮಾತಿದೆ: "ಜುಮ್ಮಾ ಆದ್ಮೇಲೆ ಬನ್ನಿ." ಶುಕ್ರವಾರದ ನಮಾಜು ಮುಗಿದ ಮೇಲೆ ಮುಂದಿನ ಲೋಡು ತನ್ನಿ ಎಂದರ್ಥ. ಅಂದು ಅದನ್ನು ಹೇಳದೆ ಒಳಗೆ ಹೋದರು.

ಅಣ್ಣ ಊಟ ಬಿಟ್ಟನೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು. "ಊಟ ಅಂದ್ರೆ ಮುದ್ದೆ ಮಾತ್ರ ಮೇಷ್ಟ್ರೇ. ಅನ್ನ ಉಣ್ತಾವ್ರೆ" ಎಂದೂ ಸೇರಿಸಿದರು. ನಗುತ್ತಲೇ ಹೇಳಿದರೂ ಕೊನೆಗೆ ಅವರ ದನಿ ಸ್ವಲ್ಪ ಇಳಿಯಿತು. "ಆ ಮನೆ ತಪ್ಪೋದ್ರೆ ಟ್ಯಾಕ್ಟ್ರು ಶೆಡ್ನಾಗೇ ನಿಲ್ಲೋದು. ನೀವಾದ್ರೂ ಓಗಿ ಒಂದ್ ಮಾತು ಹೇಳಿ."

ಹಾಗೆ ನಾನು ಸಾಕ್ಷಿಯಾದೆ. ಆ ಭಾನುವಾರ ಅಣ್ಣ ಟ್ರೈಲರನ್ನು ಪೂರ್ತಿ ತುಂಬಿಕೊಂಡು ಬಂದ. ಅದರಲ್ಲಿ ಹಳೆಯ ಲೋಡಿನಷ್ಟನ್ನು ಸಾಹೇಬರ ಕಣ್ಣೆದುರೇ ನೆಲಕ್ಕೆ ಒಟ್ಟುವುದು, ಉಳಿದದ್ದನ್ನು ವಾಪಸು ಒಯ್ಯುವುದು ಅವನ ಯೋಜನೆ. ನನ್ನ ಕೆಲಸ ಹಳೆಯ ಟ್ರೈಲರ್ ಎಷ್ಟಿತ್ತು ಎಂದು ಹೇಳುವುದು.

ಅಂಗಳದಲ್ಲಿ ಬೆಂದ ಗೂಡಿನ ವಾಸನೆ. ಸಾಹೇಬರು ನನಗೆ ಕುರ್ಚಿ ಹಾಕಿಸಿದರು. "ಮೇಷ್ಟ್ರು ಸುಳ್ಳು ಹೇಳೋರಲ್ಲ. ಹೇಳಿ, ಹಳೇ ಟ್ರೈಲರ್ ಒಳ್ಗೆ ನಿಂತ್ರೆ ಬಾಯಿಮಟ್ಟ ಎಲ್ಲೀಗಂಟ ಬರ್ತಿತ್ತು?"

ಸುಳ್ಳು ಹೇಳದಿರುವುದು ಸುಲಭ, ನಿಜ ಗೊತ್ತಿರಬೇಕಲ್ಲ. ಅದರೊಳಗೆ ನಿಂತು, ಅಂಚಿನ ಮೇಲೆ ಗದ್ದ ಊರಿಕೊಂಡು, ಹಿಂದಕ್ಕೆ ಓಡುವ ರಸ್ತೆಯನ್ನು ನೋಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಆಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ದೊಡ್ಡವನಾದ ಮೇಲೆ ಅದನ್ನು ಒಮ್ಮೆಯೂ ಹತ್ತಿರಲಿಲ್ಲ. ಶಾಸನಗಳ ಕಾಲ ನಿರ್ಣಯದ ಬಗ್ಗೆ ಒಂದು ಗಂಟೆ ಪಾಠ ಮಾಡಬಲ್ಲ ನಾನು ಅಂದು ಗದ್ದ ಮುಟ್ಟಿಕೊಂಡು, ಎದೆ ಮುಟ್ಟಿಕೊಂಡು, "ಇಲ್ಲೆಲ್ಲೋ ಬರ್ತಿತ್ತು" ಅಂದೆ.

"ಸೊಂಟದ ಮಟ್ಟ ಕಣ್ಲಾ!" ಅಂದ ಅಣ್ಣ. ಹಳೆಯದು ಚಿಕ್ಕದಾದಷ್ಟೂ ಅವನಿಗೆ ಲಾಭ.

ಸಾಹೇಬರು ಎದ್ದು ಬಂದು ತಾವೇ ಒಂದು ತುಂಡು ಎತ್ತಿ ನೆಲಕ್ಕಿಟ್ಟರು. "ಶುರು ಮಾಡಿ. ಕಣ್ಣಿಗೆ ಗೊತ್ತಾಗ್ತದೆ."

ಅಣ್ಣ ಒಟ್ಟತೊಡಗಿದ. ಸೊಂಟದ ಮಟ್ಟ ಬರುತ್ತಲೂ ನಿಲ್ಲಿಸಿ ಸಾಹೇಬರ ಮುಖ ನೋಡಿದ. ಬೀದಿಯ ನಾಲ್ಕು ಜನ ಗೇಟಿನ ಹತ್ತಿರ ಸೇರಿದ್ದರು. ಸಾಹೇಬರು ಇನ್ನಷ್ಟು ಕೇಳುತ್ತಾರೆಂದು ನಾನು ಕಾದೆ. ಜನ ನೋಡುತ್ತಿರುವಾಗ ಅವರು ಕೇಳುವರೇ?

"ಸಾಕು ಗೌಡ್ರೇ. ಇಷ್ಟೇ ಇತ್ತು. ಹಳೇದು ಚಿಕ್ಕದೇ ಅಲ್ವಾ ಪಾಪ."

ಕೆಲಸ ಅಲ್ಲಿಗೆ ಮುಗಿಯಬಹುದಿತ್ತು. ಅಣ್ಣ ಹೂಂ ಅಂದಿದ್ದರೆ ಸಾಕಿತ್ತು. ಅವನ ಮುಖ ಬದಲಾಯಿತು.

"ಚಿಕ್ಕದಾ? ಯಾವ್ದು ಚಿಕ್ಕದು?"

"ಅಲ್ಲ, ಆಗಿನ ಕಾಲಕ್ಕೆ ಸರಿ ಇತ್ತು..."

"ಸಾಹೇಬ್ರೇ, ನಮ್ಮಪ್ಪ ಆ ಟ್ರೈಲರ್ ತಂದಾಗ ಸುತ್ತಾ ಊರೋರು ನೋಡಕ್ ಬಂದಿದ್ರು. ಅದ್ನ ಚಿಕ್ಕದು ಅಂತೀರಾ?" ಅಣ್ಣ ಟ್ರೈಲರಿನಿಂದ ಇನ್ನೊಂದು ತೆಕ್ಕೆ ಎಳೆದು ಒಟ್ಟಿನ ಮೇಲೆ ಹಾಕಿದ.

"ಅರೆ, ಬೇಡಿ ಗೌಡ್ರೇ. ಜಾಸ್ತಿ ಆಯ್ತು."

"ಜಾಸ್ತಿ ಎಲ್ಲಾಯ್ತು? ನಮ್ ಲೋಡು ಅಂದ್ರೆ ಏನಂದ್ಕೊಂಡ್ರಿ?" ಮತ್ತೊಂದು ತೆಕ್ಕೆ.

"ಮೇಷ್ಟ್ರೇ, ನಿಮ್ಮಣ್ಣಂಗೆ ಹೇಳಿ. ನಾನು ಹರಾಮ್ ತಿನ್ನೋನಲ್ಲ." ಸಾಹೇಬರು ಒಟ್ಟಿನಿಂದ ಎರಡು ತುಂಡು ತೆಗೆದು ಟ್ರೈಲರಿಗೆ ಎಸೆದರು. ಅಣ್ಣ ಅವೆರಡನ್ನೂ ಮತ್ತೆ ಕೆಳಕ್ಕೆ ಎಸೆದು, ಜೊತೆಗೆ ಇನ್ನೊಂದು ಎಸೆದ. ಗೇಟಿನಲ್ಲಿದ್ದವರಲ್ಲಿ ಒಬ್ಬ, "ಹಾಕ್ರಿ ಗೌಡ್ರೇ, ನಾನ್ ನೋಡಿವ್ನಿ, ನಿಮ್ದು ಲಾರಿ ಇದ್ದಂಗಿತ್ತು" ಎಂದು ಕೂಗಿದ.

"ಅಣ್ಣ, ಸಾಕು ಕಣಣ್ಣ" ಅಂದೆ.

"ನೀ ಸುಮ್ಕಿರ್ಲಾ. ಗದ್ದದ ಮಟ್ಟ ಅಂದೋನು ನೀನೇ ತಾನೆ?"

ಸೌದೆಯ ಒಟ್ಟು ನನ್ನ ಸೊಂಟ ದಾಟಿತು, ಎದೆಗೆ ಬಂತು. ಇಬ್ಬರು ಹಿರಿಯರು ಎದುರುಬದುರು ನಿಂತು, ಒಬ್ಬರು ಬೇಡ ಬೇಡ ಎಂದು ಬೈಯುತ್ತ, ಒಬ್ಬ ತಗೊಳ್ಳಿ ತಗೊಳ್ಳಿ ಎಂದು ಬೈಯುತ್ತ ಬೆವರುತ್ತಿದ್ದರು. ಇದನ್ನು ಜಗಳ ಎನ್ನಬೇಕೋ ಏನೆನ್ನಬೇಕೋ ನನಗೆ ಈಗಲೂ ತಿಳಿಯದು. ಟ್ರೈಲರ್ ಬರಿದಾದಾಗ ಅಣ್ಣ ಟವೆಲಿನಿಂದ ಮುಖ ಒರೆಸಿಕೊಂಡು, ಒಟ್ಟನ್ನು ಹೆಮ್ಮೆಯಿಂದ ನೋಡಿ ಹೇಳಿದ:

"ನೋಡಿ. ಇದು ನಮ್ ಲೋಡು."

ಬೇಕಿದ್ದರೆ ಸಾಹೇಬರು ಗೆದ್ದವರ ಹಾಗೆ ನಗಬಹುದಿತ್ತು. ನನಗೆ ಕಂಡ ಮಟ್ಟಿಗೆ ಅವರಿಗೆ ಮುಜುಗರವೇ ಆಗಿತ್ತು. ಚಹಾ ತರಿಸಿದರು. ಬಿಸ್ಕತ್ತಿನ ತಟ್ಟೆಯನ್ನು ಅಣ್ಣನ ಕಡೆಗೇ ತಳ್ಳಿ, ಗೋಡೆ ನೋಡಿಕೊಂಡು ಅಂದರು: "ಜುಮ್ಮಾ ಆದ್ಮೇಲೆ ಬನ್ನಿ."

ದಾರಿಯುದ್ದಕ್ಕೂ ಅಣ್ಣ ಹಾಡು ಗುನುಗುತ್ತಿದ್ದ. ಇನ್ನು ಮೇಲೆ ಪ್ರತಿ ವಾರ ಅಷ್ಟು ದೊಡ್ಡ ಟ್ರೈಲರನ್ನು ಪೂರ್ತಿ ತುಂಬಿ ಹಳೆಯ ದರಕ್ಕೇ ಇಳಿಸಬೇಕೆಂದು ಅವನಿಗೆ ಹೊಳೆದಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಗೆದ್ದು ಬರುತ್ತಿರುವವನನ್ನು ಏನೆಂದು ಕೇಳುವುದು?

ಮನೆಯ ಮುಂದೆ ಅತ್ತಿಗೆ ಕಾಯುತ್ತಿದ್ದರು. ಅಣ್ಣ ಇಳಿದವನೇ, "ಮುದ್ದೆಗೆ ಎಸರಿಡು. ಮುಂದಿನ ವಾರಾನೂ ಬರಕ್ ಹೇಳವ್ರೆ" ಎಂದು ಕೈಕಾಲು ತೊಳೆಯಲು ಹೋದ. ಅತ್ತಿಗೆ ಟ್ರೈಲರಿನ ಹಿಂಬಾಗಿಲು ಬಿಚ್ಚಿ ಒಳಗೆ ಇಣುಕಿದರು. ತೊಗಟೆಯ ಚೂರು ಬಿಟ್ಟರೆ ಏನೂ ಇರಲಿಲ್ಲ.

"ಎಲ್ಲಾನೂ ಇಳ್ಸುದ್ರಾ?"

"ಹಳೇ ಲೋಡಿನಷ್ಟೇ ಇಳಿಸಿದ್ದು ಅತ್ತಿಗೆ."

ಅವರು ಟ್ರೈಲರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಆಮೇಲೆ ನನ್ನನ್ನು ನೋಡಿದರು. "ಹಳೇದು ಇಷ್ಟು ದೊಡ್ಡದಿತ್ತಾ ಮೇಷ್ಟ್ರೇ?"

ಒಳಗಿನಿಂದ ಅಣ್ಣ ನೀರು ಸುರಿದುಕೊಳ್ಳುವ ಸದ್ದು ನಿಂತಿತ್ತು. ಅವನೂ ನನ್ನ ಉತ್ತರಕ್ಕೆ ಕಾಯುತ್ತಿದ್ದಾನೆಂದು ನನಗೆ ಅನ್ನಿಸಿತು.

"ಇತ್ತು" ಅಂದೆ.

ಅದನ್ನು ಅಣ್ಣನಿಗಾಗಿ ಹೇಳಿದೆನೆಂದು ಆಗ ಅಂದುಕೊಂಡಿದ್ದೆ. ಈಗ ಇದನ್ನು ಬರೆಯಲು ಕೂತು ಹಳೆಯ ಟ್ರೈಲರನ್ನು ನೆನೆಸಿಕೊಳ್ಳಲು ನೋಡುತ್ತೇನೆ. ಉದ್ದವಾದ, ಎತ್ತರವಾದ, ಊರೇ ನೋಡಲು ಬಂದ ಒಂದು ಟ್ರೈಲರ್ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಬೇರೆ ಯಾವುದೂ ಬರುತ್ತಿಲ್ಲ.